ಒಣ ಕಾಲುವೆಯಲ್ಲಿ ಕೇಳಿದ ನೀರು

ಧ್ಯಾನ ಮಾಡಿ ಅಂತ ನನಗೆ ಹೇಳಿದವರ ಮೇಲೆಲ್ಲ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಯಿಲೆ ಬಿದ್ದು ಎದ್ದವರು ಬರೆಯಲು ಕೂತರೆ ಎಲ್ಲರಿಗೂ ಕೈಮುಗಿದು ಶುರುಮಾಡುತ್ತಾರೆ. ಡಾಕ್ಟರು ದೇವರು, ಬಂಧುಬಳಗ ಬೆನ್ನೆಲುಬು, ಕಾಯಿಲೆಯೇ ನನ್ನ ಗುರು ಎನ್ನುತ್ತಾರೆ. ನನ್ನ ಕಾಯಿಲೆ ನನ್ನ ಗುರುವಲ್ಲ. ದೋರನಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೇ ಕೂದಲು ಹಣ್ಣಾದವಳು ನಾನು. ಗುರು ಯಾರು, ಪೀಡೆ ಯಾವುದು ಅನ್ನುವುದು ನನಗೆ ಗೊತ್ತಾಗುತ್ತದೆ.

ನನ್ನ ಎಡಗಿವಿಯಲ್ಲಿ ನೀರು ಹರಿಯುತ್ತದೆ. ನೀರಿಲ್ಲ, ಬರೀ ಸದ್ದು. ಕೆಲವರಿಗೆ ಜೀರುಂಡೆ ಕೇಳುತ್ತದಂತೆ, ಕೆಲವರಿಗೆ ಸೀಟಿ, ಕೆಲವರಿಗೆ ಗಂಟೆ. ನನಗೆ ಕಾಲುವೆ. ಉಣ್ಣುವಾಗಲೂ ಹರಿಯುತ್ತದೆ, ಪಾಠ ಮಾಡುವಾಗಲೂ ಹರಿಯುತ್ತದೆ, ಈಗ ಇದನ್ನು ಬರೆಯುವಾಗಲೂ ಹರಿಯುತ್ತಿದೆ. ನಿಮಗೂ ಇಂಥದ್ದೇನಾದರೂ ಗಂಟುಬಿದ್ದಿದ್ದರೆ ಇದು ನಿಮಗಾಗಿ ಬರೆದದ್ದು. ಉಳಿದವರೂ ಓದಬಹುದು. ಓದಿ ನನಗೆ ಉಪದೇಶ ಮಾತ್ರ ಮಾಡಬೇಡಿ.

ನಮ್ಮ ಹೊಲ ಕಾಲುವೆಯ ಬಾಲದಲ್ಲಿದೆ. ಕಾಲುವೆ ಬಂದ ಮೇಲೆ ನಮ್ಮ ಕಡೆ ಜನರನ್ನು ಜಾತಿಯಿಂದ ಎಷ್ಟು ಗುರುತಿಸುತ್ತಾರೋ ಅಷ್ಟೇ ಮೇಲಿನವರು, ಬಾಲದವರು ಅಂತಲೂ ಗುರುತಿಸುತ್ತಾರೆ. ಮೇಲಿನವರು ಹಚ್ಚಬಾರದ ಭತ್ತ ಹಚ್ಚಿ ಮೊಣಕಾಲುದ್ದ ನೀರು ನಿಲ್ಲಿಸಿಕೊಳ್ಳುತ್ತಾರೆ. ಬಾಲದವರು ಹತ್ತಿ ಹಾಕಿ ಆಕಾಶ ನೋಡುತ್ತಾರೆ. ನೀರು ಬಿಡುವುದು ಸರದಿಯ ಮೇಲೆ, ಕೆಲವು ದಿನ ಬಿಡುತ್ತಾರೆ, ಕೆಲವು ದಿನ ಬಂದ್. ಬಿಟ್ಟ ನೀರು ಮೇಲಿನವರ ಕಣ್ಣು ತಪ್ಪಿಸಿಕೊಂಡು ನಮ್ಮ ತನಕ ಯಾವಾಗ ಬಂದೀತು ಅಂತ ಹೇಳುವ ಗಂಡಸು ಇಡೀ ನೀರಾವರಿ ಇಲಾಖೆಯಲ್ಲಿ ಇರಲಿಲ್ಲ. ಈಗಾದರೆ ಮೊಬೈಲಿದೆ. ಆಗ ಇದ್ದದ್ದು ಕಿವಿ.

ನಮ್ಮ ಮನೆಯ ಹಿತ್ತಲಿನಿಂದ ಒಂದಿಷ್ಟು ದೂರದಲ್ಲಿ, ರಸ್ತೆಯ ಕೆಳಗೆ ಒಂದು ಸಿಮೆಂಟಿನ ಪೈಪಿದೆ. ಬಾಲದ ನೀರು ಮೊದಲು ಬಂದು ಬೀಳುವುದು ಅಲ್ಲಿ. ಅಲ್ಲಿಂದ ಊರು ಬಳಸಿ ಆಚೆಯ ಹೊಲಗಳಿಗೆ ಹೋಗುತ್ತದೆ. ಕೊನೆಯ ಒಡ್ಡು ಯಾವತ್ತೋ ಒಡೆದದ್ದು, ಇನ್ನೂ ಹಾಗೇ ಇದೆ. ನೀರು ಬಂದ ಕೂಡಲೇ ಸಲಿಕೆ ಹಿಡಿದು ಓಡಿ ಹೊಲಕ್ಕೆ ತಿರುಗಿಸಿಕೊಂಡರೆ ನಮ್ಮದು, ಇಲ್ಲವಾದರೆ ಹಳ್ಳದ್ದು. ಹೀಗಾಗಿ ಪೈಪಿನಲ್ಲಿ ನೀರು ಬಿದ್ದ ಸದ್ದನ್ನು ಮೊದಲು ಕೇಳಿದವರು ಕೂಗಬೇಕು, ಉಳಿದವರು ಹೊಲಕ್ಕೆ ಓಡಬೇಕು. ಇದು ಬಾಲದವರ ಪದ್ಧತಿ. ಮೊದಲು ಕೇಳುತ್ತಿದ್ದವಳು ನಾನು.

ನನ್ನ ಕಿವಿ ದೊಡ್ಡದು ಅಂತಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದೆ, ಅಷ್ಟೇ. ಶಹಾಪುರದ ಬುದ್ಧ ವಿಹಾರದಲ್ಲಿ ನಿವೃತ್ತ ಹೆಡ್‌ಮಾಸ್ತರ್ ವಿಠಲ ಸರ್ ಭಾನುವಾರ ಧ್ಯಾನ ಕಲಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವರಿಂದ ಕಲಿತು ಬಿಡದೆ ನಡೆಸಿಕೊಂಡು ಬಂದಿದ್ದೆ. ಉಸಿರು ಬಂತು, ಉಸಿರು ಹೋಯಿತು, ಅದರಾಚೆ ಮೌನ. ಆ ಮೌನದಲ್ಲಿ ಎಲ್ಲೋ ದೂರ ನೀರು ಬಿದ್ದರೆ ಎದ್ದು ಕೂಗುತ್ತಿದ್ದೆ. ನನ್ನ ಧ್ಯಾನದಿಂದ ಊರಿಗೆ ಆದ ಒಂದೇ ಫಾಯದಾ ಅದು. ನನ್ನ ನೆಗೆಣ್ಣಿ ಭೀಮವ್ವ, ನನ್ನ ಗಂಡನ ತೀರಿಹೋದ ಅಣ್ಣನ ಹೆಂಡತಿ, ಆಗ ಎದುರುಮನೆಯ ಹೆಂಗಸರಿಗೆಲ್ಲ ಹೇಳುತ್ತಿದ್ದಳು:

"ನಮ್ಮ ಕಮಲಿ ಕುಂತಾಳಂದ್ರ ನಾವು ಮಕ್ಕೋಬಹುದು. ನೀರು ಆಕಿ ಕಿವಿ ದಾಟಿ ಹೋಗಂಗಿಲ್ಲ."

ಹೊಲ ಮಾಡುವವಳು ಅವಳೇ. ನಾನು ಶಾಲೆಗೆ, ನನ್ನ ಗಂಡ ಮರೆಪ್ಪ ತನ್ನ ಹೊಲಿಗೆ ಅಂಗಡಿಗೆ ಹೋದಮೇಲೆ ಎರಡು ಪಾಲಿನ ಹೊಲವನ್ನೂ ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಬಾಯಿ ಜೋರು. ಆದರೆ ಅವಳಿಂದ ಇಂಥ ಒಂದು ಮಾತು ಸಿಕ್ಕರೆ ಅದು ಸುಮ್ಮನೆ ಸಿಕ್ಕಿದ್ದಲ್ಲ.

ಹತ್ತಿ ಮೊಗ್ಗು ಹಿಡಿದ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಕೂತಿದ್ದೆ. ನೀರು ಕೇಳಿತು. ಅನುಮಾನಕ್ಕೆ ಜಾಗವೇ ಇಲ್ಲದಂತೆ, ತುಂಬಿ ಹರಿಯುವ ನೀರು. ಎದ್ದು ಬೀದಿಗೆ ಬಂದು ಕೂಗಿದೆ:

"ನೀರ ಬಂತ್ರೋ! ನೀರ ಬಂತು!"

ಬಾಲದವರೆಲ್ಲ ಓಡಿದರು. ಒಲೆಯ ಮೇಲಿನ ಪಾತ್ರೆ ಇಳಿಸದೆ ಬಂದವರಿದ್ದರು, ಬಾಯಲ್ಲಿ ಹಲ್ಲುಜ್ಜುವ ಕಡ್ಡಿ ಇಟ್ಟುಕೊಂಡೇ ಓಡಿದವರಿದ್ದರು. ಎಲ್ಲರಿಗಿಂತ ಮುಂದೆ ಭೀಮವ್ವ, ಸೀರೆ ಎತ್ತಿ ಕಟ್ಟಿ, ಹೆಗಲಿಗೆ ಸಲಿಕೆ. ಒದ್ದೆಯಾಗಿರುತ್ತದೆ ಅಂದುಕೊಂಡು ಕಾಲುವೆಗೆ ಹಾರಿದಳು. ಕೆಳಗೆ ಒಣಗಿ ಕಲ್ಲಾಗಿದ್ದ ಮಣ್ಣಿನ ಹೆಂಟೆ. ಕಾಲು ತಿರುಚಿ ಅಲ್ಲೇ ಕುಸಿದಳು.

ಕಾಲುವೆ ಬರಿದಾಗಿತ್ತು. ನಡುವೆ ಒಂದು ನಾಯಿ ಮಲಗಿತ್ತು. ಅದು ತಲೆ ಎತ್ತಿ ನಮ್ಮನ್ನೆಲ್ಲ ಒಂದು ಸಲ ನೋಡಿ ಮತ್ತೆ ಮಲಗಿತು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೈಯೆತ್ತಿ, "ಸುಮ್ನಿರ್ರಿ, ಕೇಳ್ರಿ, ಬರಾಕತ್ತದ" ಅಂದೆ. ಯಾಕೆಂದರೆ ನನಗೆ ಇನ್ನೂ ಕೇಳುತ್ತಿತ್ತು. ಒಣ ಕಾಲುವೆಯ ದಂಡೆಯ ಮೇಲೆ, ಅಷ್ಟು ಜನರ ನಡುವೆ, ತುಂಬಿ ಹರಿಯುವ ನೀರು ನನ್ನೊಬ್ಬಳಿಗೇ ಕೇಳುತ್ತಿತ್ತು. ಎಡಗಿವಿ ಮುಚ್ಚಿದೆ. ಸದ್ದು ಹೆಚ್ಚಾಯಿತು. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಅದಕ್ಕೆ ಮೊದಲು ಇಲ್ಲ, ಆಮೇಲೂ ಇಲ್ಲ.

ಭೀಮವ್ವ ನೆಲದ ಮೇಲೆ ಕೂತೇ ನನ್ನನ್ನು ನೋಡಿದಳು. ಬೈಯಲಿಲ್ಲ. ಅವಳು ಬೈಯದಿದ್ದಾಗಲೇ ನನ್ನ ಕೂಡ ಮಾತು ಬಿಟ್ಟಳು ಅಂತ ನನಗೆ ಗೊತ್ತಾಗಬೇಕಿತ್ತು.

ಕಾಲು ಕಟ್ಟುವವನ ಹತ್ತಿರ ಕರೆದುಕೊಂಡು ಹೋದೆವು. ಮೂಳೆ ಕೂಡಿತು, ಕುಂಟು ಉಳಿಯಿತು. ಅಲ್ಲಿಂದ ಮುಂದೆ ಬಾಲದವರು ನನ್ನ ಕಿವಿಯನ್ನು ನಂಬುವುದು ಬಿಟ್ಟರು. ನೀರಿನ ಸರದಿ ಬಂದಾಗ ಪ್ರತಿ ಬೆಳಿಗ್ಗೆ ಭೀಮವ್ವನೇ ಆ ಕುಂಟುಗಾಲಿನಲ್ಲಿ ಪೈಪಿನ ತನಕ ನಡೆದುಹೋಗಿ ಕಣ್ಣಾರೆ ನೋಡಿ ಬರತೊಡಗಿದಳು. ನನ್ನ ಕಲ್ಲಿನ ಪಕ್ಕದಿಂದಲೇ ಹೋಗುತ್ತಿದ್ದಳು. ಒಂದು ಹೆಜ್ಜೆ, ಒಂದು ಎಳೆತ. ಮಾತಿಲ್ಲ. ಊರಿನ ಹುಡುಗರು ನನಗೆ 'ನೀರ್ ಬಂತು ಟೀಚರ್' ಅಂತ ಹೆಸರಿಟ್ಟರು, ಅದನ್ನು ನಾನು ಎಡಗೈಯಲ್ಲಿ ತಳ್ಳಿಹಾಕಿದೆ. ಆ ಕಾಲಿನ ಎಳೆತವನ್ನು ತಳ್ಳಿಹಾಕಲು ಆಗಲಿಲ್ಲ.

ಮನೆಮದ್ದು ಎಲ್ಲ ಆಯಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಯಾರೋ ಈರುಳ್ಳಿ ರಸ ಅಂದರು, ಬಿಟ್ಟರು. ನನ್ನ ಕಿವಿಯಲ್ಲಿ ಒಗ್ಗರಣೆಯೊಂದು ಬಾಕಿ ಉಳಿದಿತ್ತು. ಕಡೆಗೆ ಮರೆಪ್ಪ ಅಂಗಡಿಗೆ ಬೀಗ ಹಾಕಿ, ನನ್ನನ್ನು ಕರೆದುಕೊಂಡು ಯಾದಗಿರಿಯ ಕಿವಿ ಡಾಕ್ಟರ ಹತ್ತಿರ ಹೊರಟ. ಬಸ್ಸು ಭೀಮಾ ನದಿಯ ಸೇತುವೆ ಹತ್ತಿದಾಗ, "ಈಗ ಕೇಳಸಾಕತ್ತದೇನು?" ಅಂದ. "ಯಾವ್ದು, ಹೊಳಿದೋ ನಂದೋ?" ಅಂದೆ.

ದವಾಖಾನೆಯ ಬೆಂಚಿನ ಮೇಲೆ ಕೂರಿಸಿದರು. ಕಿವಿ ಡಾಕ್ಟರ ಬಾಗಿಲಲ್ಲಿ ಕಾಯುವುದಕ್ಕೆ ಒಂದು ಬೇರೆಯೇ ಕಷ್ಟವಿದೆ. ಹೆಸರು ಕರೆದರೆ ಅರ್ಧ ಜನಕ್ಕೆ ಕೇಳುವುದಿಲ್ಲ. ಕಂಪೌಂಡರು ಕೂಗಿ ಕೂಗಿ ಸಿಟ್ಟಾಗುತ್ತಾನೆ, ಕೇಳುವವರ ಮೇಲೆ ತೀರಿಸಿಕೊಳ್ಳುತ್ತಾನೆ. ನನ್ನ ಪಕ್ಕ ಶಾಲು ಹೊದ್ದ ಒಬ್ಬ ಹಿರಿಯರು ಕೂತಿದ್ದರು. ನಿಮಗೇನು ತಕಲೀಫು ಅಂತ ಕೇಳಿದರು, ಹೇಳಿದೆ. ಅವರ ಮುಖ ಅರಳಿತು.

"ತಾಯೀ, ಪುಣ್ಯ ಮಾಡೀರಿ ನೀವು. ಅದು ಒಳಗಿನ ನಾದ. ಅದನ್ನ ಕೇಳಬೇಕಂತ ಸಾಧುಗಳು ಗವ್ಯಾಗ ಕುಂತು ಜೀವ ಸವಸ್ತಾರ. ನಿಮಗ ಮನ್ಯಾಗ ಕುಂತಲ್ಲೇ ಬಂದದ."

"ನಿಮಗ ಬೇಕೇನ್ರಿ?" ಅಂದೆ.

"ಆಂ?"

"ಬೇಕಾದ್ರ ನೀವ ತಗೊಂಡ್ ಹೋಗ್ರಿ ಆ ಪುಣ್ಯಾನ. ಚೀಲ ತಂದೀರೇನು?"

ಮರೆಪ್ಪ ನನ್ನ ಮೊಣಕೈ ಒತ್ತಿದ. ಹಿರಿಯರು ನಕ್ಕು, ಕೋಪವೇ ಅಡ್ಡಿ ತಾಯಿ, ಅಂದರು. ನನಗೆ ಒಂದು ಸಂತೋಷ ಆ ದಿನ ಸಿಕ್ಕಿತು. ಬೆಂಚಿನ ಮೇಲ್ಗಡೆ ಸೂರಿನಲ್ಲಿ ಒಂದು ಹಳೆಯ ಫ್ಯಾನಿತ್ತು, ತಿರುಗುವಾಗ ಕಟಕಟ ಅನ್ನುತ್ತಿತ್ತು. ಆ ಕಟಕಟದೊಳಗೆ ನನ್ನ ನೀರು ಮುಕ್ಕಾಲು ಮುಳುಗಿಹೋಗಿತ್ತು. ಡಾಕ್ಟರು ಇನ್ನಷ್ಟು ತಡಮಾಡಲಿ ಅಂತ ಬಯಸಿದ ರೋಗಿ ಆ ಬೆಂಚಿನ ಮೇಲೆ ನಾನೊಬ್ಬಳೇ ಇದ್ದಿರಬೇಕು.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಪರೀಕ್ಷೆಗೆ ಗುಲ್ಬರ್ಗಕ್ಕೆ ಬರೆದುಕೊಟ್ಟರು. ಅಲ್ಲಿ ಗಾಜಿನ ಕಿಟಕಿಯ ಒಂದು ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಬಾಗಿಲು ಹಾಕಿದರು. ಹೊರಗಿನ ಒಂದು ಚೂರು ಸದ್ದೂ ಬರದ ಕೋಣೆ. ಧ್ಯಾನಕ್ಕೆ ಕೂರುವವರು ಕನಸಿನಲ್ಲಿ ಕೇಳಿಕೊಳ್ಳುವಂಥ ಮೌನ. ಅದರಲ್ಲಿ ನನ್ನ ಕಾಲುವೆ ದಂಡೆ ಒಡೆಯುವಂತೆ ಹರಿಯಿತು. ನಾನು ಗುಂಡಿ ಒತ್ತಿದೆ, ಬಿಟ್ಟೆ, ಒತ್ತಿದೆ. ಹೊರಗಿದ್ದ ಹುಡುಗಿ ಬಾಗಿಲು ತೆರೆದು, "ನಾ ಇನ್ನೂ ಸದ್ದು ಬಿಟ್ಟಿಲ್ರಿ ಮೇಡಮ್" ಅಂದಳು. ಅಳು ಬಂತು. ಅತ್ತೆ.

ವಾಪಸು ಬರುವಾಗ ರೈಲು ಹತ್ತಿದೆವು. ಗಾಲಿಗಳ ಗದ್ದಲದಲ್ಲಿ ನನ್ನ ಸದ್ದು ಪೂರ್ತಿ ಮುಚ್ಚಿಹೋಯಿತು. ಕಿಟಕಿಗೆ ತಲೆ ಕೊಟ್ಟು ನಿದ್ದೆಹೋದೆ. ಯಾದಗಿರಿ ಬಂತು ಅಂತ ಮರೆಪ್ಪ ಎಬ್ಬಿಸಿದಾಗ, ಮುಂದೆ ಮದ್ರಾಸಿನ ತನಕ ಹೋಗೋಣವೇ ಅಂತ ಕೇಳಿದೆ. ತಮಾಷೆಗೆ ಕೇಳಿದ್ದಲ್ಲ.

ಯಾದಗಿರಿಯ ಡಾಕ್ಟರು ಪರೀಕ್ಷೆಯ ಚೀಟಿ ನೋಡಿ, "ನರದ ತೊಂದ್ರಿ. ಎಡಕ್ಕ ಜರಾ ಕಿವುಡು ಆಗ್ಯದ. ಸದ್ದು ಹೋಗಂಗಿಲ್ಲ, ರೂಢಿ ಮಾಡ್ಕೊಳ್ರಿ" ಅಂದರು.

"ಇಲಾಜು?"

"ಟೆನ್ಶನ್ ಮಾಡ್ಕೋಬ್ಯಾಡ್ರಿ. ಧ್ಯಾನ ಮಾಡ್ರಿ."

"ಮಾಡ್ತೀನ್ರಿ. ಮೊದಲಿಂದ ಮಾಡ್ತೀನಿ. ಅಲ್ಲೇ ಹೆಚ್ಚು ಕೇಳಸ್ತದ."

ಅವರು ಮುಂದಿನ ರೋಗಿಗೆ ಕೈ ಮಾಡುತ್ತಲೇ ಹೇಳಿದರು: "ಹಂಗಾದ್ರ ಇನ್ನೂ ಛಂದಂಗ ಮಾಡ್ರಿ."

ಇನ್ನೂ ಛಂದಂಗ. ಈ ಎರಡು ಮಾತು ಆಮೇಲೆ ಎಷ್ಟು ಬಾಯಲ್ಲಿ ಕೇಳಿದೆನೋ. ಶಾಲೆಯ ಹೆಡ್‌ಮಾಸ್ತರು ಹೇಳಿದರು. ಸುರಪುರದಿಂದ ಬಂದ ಚಿಕ್ಕಮ್ಮನ ಮಗಳು ಹತ್ತು ದಿನದ ಶಿಬಿರ ಮುಗಿಸಿ ಬಂದವಳು ಹೇಳಿದಳು, ನಿನ್ನ ಕುಂದ್ರೂ ಪದ್ಧತಿನೇ ತಪ್ಪದ ಅಂದಳು, ಬೆನ್ನು ಹಿಡಿದು ನೆಟ್ಟಗೆ ಮಾಡಿದಳು. ತನ್ನ ಮನೆಯಲ್ಲಿ ಅತ್ತೆಯ ಜೊತೆ ಒಂದು ಊಟ ನೆಟ್ಟಗೆ ಮಾಡಲಾರದವಳು. ಇದ್ದ ಒಂದು ಕಾಯಿಲೆಯ ಜೊತೆಗೆ ಈಗ ನನ್ನದೇ ತಪ್ಪು ಅನ್ನುವ ಎರಡನೆಯ ಕಾಯಿಲೆಯನ್ನೂ ತಂದು ಕೈಗಿಟ್ಟರು. ಸದ್ದು ನಿಲ್ಲುತ್ತಿಲ್ಲ ಅಂದರೆ ನಿನ್ನ ಧ್ಯಾನ ಸರಿಯಿಲ್ಲ. ಗಾಯದ ಮೇಲೆ ಬರೆ ಅಂದರೆ ಇದು.

ಭಾನುವಾರ ಶಹಾಪುರದ ವಿಹಾರಕ್ಕೆ ಹೋದೆ. ವಿಠಲ ಸರ್ ಧ್ಯಾನ ಶುರುವಾಗುವ ಮುಂಚೆ ಎಂದಿನಂತೆ ಫ್ಯಾನ್ ಆರಿಸಿದರು. ಸದ್ದಿಗೆ ಏಕಾಗ್ರತೆ ಕೆಡುತ್ತದೆ ಅನ್ನುವುದು ಅವರ ನಿಯಮ. ಇರಲಿ ಬಿಡ್ರಿ ಸರ್, ನನಗ ಫ್ಯಾನ್ ಬೇಕು ಅಂತ ಕೇಳಿಕೊಂಡೆ. ಯಾಕೆ ಅಂತ ಎಲ್ಲರ ಮುಂದೆ ಹೇಳಬೇಕಾಯಿತು. ಅವರು ಮೆತ್ತಗೆ ನಕ್ಕರು. ಆ ಮೆತ್ತನೆಯ ನಗೆಯನ್ನು ನಾನು ಯಾರಲ್ಲೂ ಸಹಿಸುವುದಿಲ್ಲ.

"ಕಮಲಾಬಾಯಿ, ಸದ್ದಿಗೆ ಶತ್ರು ಅನಬ್ಯಾಡ್ರಿ. ಅದಕ್ಕ ಮೈತ್ರಿ ಕಳಸ್ರಿ. ಸುಖವಾಗಿರು ಅನ್ರಿ."

"ಸರ್, ನಿಮ್ಮ ಮನ್ಯಾಗ ಯಾವನೋ ಹೇಳದ ಕೇಳದ ಹೊಕ್ಕು, ಹಾಸಿಗಿ ಮ್ಯಾಲ ಕುಂತು ಹಗಲೂ ರಾತ್ರಿ ಒದರಾಕತ್ರ ಸುಖವಾಗಿರು ಅಂತೀರೇನ್ರಿ?"

"ಅಂದ್ರ ಅಂವ ಸುಮ್ಮಾಗ್ತಾನ."

"ಇಲ್ರಿ. ಅಂವ ಮಂದೀನ ಕರಕೊಂಡ್ ಬರ್ತಾನ."

ಯಾರೋ ಕಿಸಕ್ಕನೆ ನಕ್ಕರು. ಎದ್ದು ಹೋಗಿ ನಾನೇ ಫ್ಯಾನ್ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನಿಂದ ಗುಡ್ಡ ಕಾಣುತ್ತಿತ್ತು. ನಮ್ಮ ಶಹಾಪುರದ ಗುಡ್ಡದ ಸಾಲು ಬುದ್ಧ ಮಲಗಿದ ಹಾಗೇ ಇದೆ, ನೋಡಲು ದೂರದಿಂದ ಜನ ಬರುತ್ತಾರೆ. ಅವತ್ತು ಅದನ್ನು ನೋಡಿ, ನಿನಗಾದರೂ ನಿದ್ದೆ ಬರುತ್ತದಲ್ಲ ಪುಣ್ಯಾತ್ಮಾ ಅಂದುಕೊಂಡೆ. ಅವನ ಮೇಲೂ ಸಿಟ್ಟಿತ್ತು.

ಮನೆಯಲ್ಲಿ ಮರೆಪ್ಪ ಉಪದೇಶ ಮಾಡಲಿಲ್ಲ. ಅವನಿಗೆ ಉಪದೇಶ ಬರುವುದಿಲ್ಲ. ಆದರೆ ಅವನು ಫ್ಯಾನಿನ ಕಥೆ ಕೇಳಿದ್ದ. ಮರುದಿನ ಬೆಳಿಗ್ಗೆ ನಾನು ಕಲ್ಲಿನ ಮೇಲೆ ಕೂತಾಗ ಪಂಪಿನ ಸ್ಟೋವ್ ತಂದು ಪಕ್ಕದಲ್ಲಿಟ್ಟು, ಪಂಪು ಹೊಡೆದು ಹಚ್ಚಿದ. ಮೇಲೆ ಪಾತ್ರೆಯಿಲ್ಲ, ಏನಿಲ್ಲ. ಬರೀ ಭುಸ್ಸೆನ್ನುವ ಸದ್ದಿಗಾಗಿ. ನಾನು ಕಣ್ಣು ಮುಚ್ಚಿಕೊಂಡೆ. ಬಹಳ ದಿನಗಳ ಮೇಲೆ ಉಸಿರು ಸಿಕ್ಕಿತು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಸ್ಟೋವ್ ಇಳಿದಾಗೆಲ್ಲ ಪಂಪು ಹೊಡೆಯುತ್ತಿದ್ದ. ನಾನು ಕಣ್ಣು ಬಿಟ್ಟಾಗ ಕೇಳಿದ:

"ಕಮಲಾ, ಒಂದ್ ಮಾತು ಖರೇ ಹೇಳು. ಹುಚ್ಚು ಹಿಡಿಯಂಗಿಲ್ಲಲ್ಲ ನಿನಗ?"

"ಗೊತ್ತಿಲ್ಲ" ಅಂದೆ. ಅದು ನಿಜವಾಗಿತ್ತು. ಅವನು ತಲೆಯಾಡಿಸಿ ಸ್ಟೋವಿಗೆ ಮತ್ತೆ ಪಂಪು ಹೊಡೆದ. ಅವನಿಗೆ ಹೇಳದೆ ಉಳಿದದ್ದು ಇನ್ನೊಂದಿತ್ತು. ಹುಚ್ಚಿಗಿಂತ ನನಗೆ ಹೆಚ್ಚು ಭಯ ಇದ್ದದ್ದು, ಇನ್ನು ಮುಂದೆ ಯಾವತ್ತೂ ನಾನು ಕೇಳಿದ್ದನ್ನು ನಾನೇ ನಂಬಲಾರೆ ಅನ್ನುವುದು. ಹೊರಗೆ ಮಳೆ ಬಂದರೆ ಅಂಗಳಕ್ಕಿಳಿದು ಕೈ ಚಾಚಿ ನೋಡಿ ಖಾತ್ರಿ ಮಾಡಿಕೊಳ್ಳುವ ಹೆಂಗಸಾಗಿದ್ದೆ ನಾನು.

ಸೀಮೆಎಣ್ಣೆ ರೇಶನ್ನಿನದು, ಎಷ್ಟು ದಿನ ನಡೆದೀತು? ಒಂದು ಬೆಳಿಗ್ಗೆ ಸ್ಟೋವ್ ಕೆಮ್ಮಿ ಆರಿತು. ಮರೆಪ್ಪ ಡಬ್ಬಿ ಅಲ್ಲಾಡಿಸಿ ನೋಡಿ ಒಳಗೆ ಹೋದ. ನಾನು ಕಲ್ಲಿನ ಮೇಲೆ ಒಬ್ಬಳೇ. ಮೌನ ಇಳಿಯುತ್ತಿದ್ದಂತೆ ಅದು ಎದ್ದಿತು, ದಂಡೆ ತುಂಬಿ. ಅವತ್ತು ನನಗೆ ಎಂಥ ಸಿಟ್ಟು ಬಂತೆಂದರೆ ಏಳಲೂ ಇಲ್ಲ. ಮೈತ್ರಿಯಂತೆ ಮೈತ್ರಿ! ಬಾ, ನೋಡೇಬಿಡ್ತೀನಿ ಅಂತ ಹಲ್ಲು ಕಚ್ಚಿ ಅದರ ಕಡೆಗೇ ತಿರುಗಿ ಕೂತೆ. ತರಗತಿಯಲ್ಲಿ ಗದ್ದಲ ಮಾಡುವ ಹುಡುಗನನ್ನು ಹಿಡಿಯಬೇಕಾದರೆ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಬೈಯಲಿಲ್ಲ, ಕಣ್ಣು ಕೀಳದೆ ನೋಡಿದೆ. ಎಲ್ಲಿಂದ ಏಳುತ್ತೀ? ಎಡಗಡೆ, ಕಿವಿಗಿಂತ ಸ್ವಲ್ಪ ಹಿಂದೆ. ಹಲ್ಲು ಬಿಗಿದರೆ ಏರುತ್ತೀ. ಉಗುಳು ನುಂಗಿದರೆ? ಹಾಗೇ ಇರುತ್ತೀ. ಒಂದು ಸಲ ಉಸಿರು ತಗೊಳ್ಳಬೇಕಲ್ಲ ನೀನು, ತಗೋ, ಆಗ ಹಿಡಿಯುತ್ತೇನೆ.

ತಗೊಳ್ಳಲಿಲ್ಲ. ಮರುದಿನ ಮತ್ತೆ ಹಾಗೇ ಕೂತೆ. ಅದರ ಮರುದಿನವೂ. ಮೊದಲು ಉಸಿರನ್ನು ಪ್ರೀತಿಯಿಂದ ನೋಡುತ್ತಾ ಕೂತಾಗ ಆಗಾಗ ತೂಕಡಿಸುತ್ತಿದ್ದೆ, ಶಾಲೆಯದೋ ಅಡುಗೆಯದೋ ಯೋಚನೆಗೆ ಜಾರುತ್ತಿದ್ದೆ. ವೈರಿಯನ್ನು ಕಾಯುವಾಗ ತೂಕಡಿಕೆ ಬರುವುದಿಲ್ಲ. ಬಿಸಿಲು ಕಲ್ಲಿಗೆ ಬಂದರೂ ಗೊತ್ತಾಗದಷ್ಟು ಹೊತ್ತು ಕೂರತೊಡಗಿದೆ. ಅದು ಧ್ಯಾನವೋ ಪಂಥವೋ ನನಗೆ ಬೇಕಿರಲಿಲ್ಲ.

ಹಾಗೆ ಕೂತ ಒಂದು ಬೆಳಿಗ್ಗೆ ಪಕ್ಕದಲ್ಲಿ ಭೀಮವ್ವ ಹಾದುಹೋದಳು. ಒಂದು ಹೆಜ್ಜೆ, ಒಂದು ಎಳೆತ, ನಡುವೆ ಸ್ವಲ್ಪ ಬಿಡುವು. ಆ ಬಿಡುವು ನನಗೆ ಚುಚ್ಚಿತು. ಆಮೇಲೆ ಎದುರುಮನೆಯ ಕಸಬರಿಗೆ. ಒಂದು ಬೀಸು, ಬಿಡುವು, ಒಂದು ಬೀಸು. ಕೈಪಂಪು ಕಿರ್ ಅಂದು ತಡೆದು ಮತ್ತೆ ಕಿರ್ ಅಂತು. ಲೋಕದಲ್ಲಿ ಇರುವ ಸದ್ದೆಲ್ಲ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು, ಎಡವುತ್ತಿತ್ತು. ಒಂದು ಸಲವೂ ಎಡವದೆ ಹರಿಯುತ್ತಿದ್ದದ್ದು ನನ್ನದೊಂದೇ.

ಸರದಿಯ ನೀರು ಬಂದ ದಿನ ಶಾಲೆ ಬಿಟ್ಟು ಬರುವಾಗ ಪೈಪಿನ ಹತ್ತಿರ ನಿಂತೆ. ಜಾಲಿಯ ಮುಳ್ಳು, ಹತ್ತಿಕಟ್ಟಿಗೆ, ಹರಿದ ಚೀಲ ಎಲ್ಲ ಕೊಚ್ಚಿಕೊಂಡು ಬಂದು ಪೈಪಿನ ಬಾಯಿಗೆ ಸಿಕ್ಕಿಕೊಂಡಿದ್ದವು. ನೀರು ಗುಳಕ್ ಅಂದು ನಿಲ್ಲುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ನುಗ್ಗುತ್ತಿತ್ತು. ಖರೇ ನೀರು ತೊದಲುತ್ತದೆ. ಇಷ್ಟು ವರ್ಷ ಕೇಳಿದ್ದೆ, ಒಂದು ದಿನವೂ ಕಿವಿಗೊಟ್ಟಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರು ನಂಬುತ್ತಾರೆ?

ವಿಠಲ ಸರ್ ಒಂದು ಸಲ ಬಸ್ಸಿನಲ್ಲಿ ಸಿಕ್ಕಿದರು. ಈಗ ಹೆಂಗ ಅಂತ ಕೇಳಿದರು. ಸಿಟ್ಟಿನಿಂದ ಸದ್ದಿನ ಕಡೆಗೇ ತಿರುಗಿ ಕೂರುವುದನ್ನು ಹೇಳಿದೆ. "ನೋಡ್ರಿ, ಇದನ್ನ ನಾ ಹೇಳಿದ್ದು" ಅಂದರು. ಇಲ್ಲ, ಅವರು ಹೇಳಿದ್ದು ಇದಲ್ಲ. ಬಸ್ಸಿನಿಂದ ಇಳಿಯುವ ತನಕ ಅದನ್ನೇ ವಾದಿಸಿದೆವು. ಅವರು ಮೆತ್ತಗೆ ನಗುತ್ತಲೇ ಇದ್ದರು.

ಮರುವರ್ಷ ಹತ್ತಿಕಾಯಿ ಬಲಿಯುವ ಹೊತ್ತಿಗೆ ಸರದಿ ಬಂದ್ ಆಯಿತು. ಎಲೆ ಬೆಳಿಗ್ಗೆಯೇ ಬಾಡತೊಡಗಿತ್ತು. ಒಂದು ನೀರು ಸಿಕ್ಕರೆ ಕಾಯಿ ಉಳಿಯುತ್ತದೆ, ಇಲ್ಲದಿದ್ದರೆ ಉದುರುತ್ತದೆ ಅಂತ ಭೀಮವ್ವ ಮರೆಪ್ಪನಿಗೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು, ನನಗೆ ಕೇಳಲಿ ಅಂತಲೇ ಹೇಳಿದ್ದು. ಕಾಲುವೆ ಬಂದ್ ಇದ್ದದ್ದರಿಂದ ಅವಳು ಪೈಪಿನ ಕಡೆ ಹೋಗುವುದನ್ನೂ ಬಿಟ್ಟಿದ್ದಳು.

ಅಂಥ ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಕೂತಿದ್ದೆ. ನನ್ನದು ಹರಿಯುತ್ತಿತ್ತು, ಎಂದಿನಂತೆ, ನುಣ್ಣಗೆ. ಅದರ ಕೆಳಗೆ ಇನ್ನೇನೋ ಒಂದು ಎದ್ದಿತು. ನಿಂತಿತು. ಮತ್ತೆ ಎದ್ದಿತು. ಗುಳಕ್. ಬಿಡುವು. ಬಲಗಿವಿಗೆ ಕೈ ಅಡ್ಡ ಹಿಡಿದೆ, ಹೋಯಿತು. ಕೈ ತೆಗೆದೆ, ಬಂತು.

ಬಂದ್ ಇರುವ ಕಾಲುವೆಯಲ್ಲಿ ನೀರು ಯಾಕೆ ಬರುತ್ತದೆ? ಮೇಲೆ ಎಲ್ಲೋ ಮಳೆಯಾಗಿ ಮೇಲಿನವರಿಗೆ ಬೇಡವಾಗಿರಬಹುದು, ಬೇಡವಾದದ್ದು ಮಾತ್ರ ನಮಗೆ ತಾನೇ ಬರುವುದು. ಅಥವಾ ನನಗೆ ಹುಚ್ಚೇ ಹಿಡಿದಿರಬಹುದು. ಪೈಪಿನ ತನಕ ಹೋಗಿ ನೋಡಿಬಂದು ಕೂಗಬಹುದಿತ್ತು, ಅಷ್ಟರಲ್ಲಿ ಅರ್ಧ ನೀರು ಹಳ್ಳಕ್ಕೆ ಇಳಿದಿರುತ್ತಿತ್ತು. ಅದೂ ಅಲ್ಲದೆ ನೋಡಿ ಕೂಗಿದರೆ ಅದು ನೋಡಿದ್ದೇ ಹೊರತು ಕೇಳಿದ್ದಲ್ಲ. ಬೀದಿಗೆ ಬಂದೆ.

"ನೀರ ಬಂತು! ಯಕ್ಕಾ, ನೀರ ಬಂತು!"

ಬಾಗಿಲುಗಳಿಂದ ತಲೆಗಳು ಹೊರಬಂದವು. "ಟೀಚರ್ರದು ಮತ್ತ ಶುರು ಆತ್ರೋ" ಅಂತ ಒಬ್ಬ ಕೂಗಿದ, ನಗು ಬೀದಿಯುದ್ದಕ್ಕೂ ಹೋಯಿತು. ಕಾಲುವೆ ಬಂದ್ ಅದ ಟೀಚರ್ರ, ಮಕ್ಕೋ ಹೋಗ್ರಿ, ಅಂದ ಇನ್ನೊಬ್ಬ. ಯಾರೂ ಹೊಸ್ತಿಲು ದಾಟಲಿಲ್ಲ. ಮರೆಪ್ಪ ಬನಿಯನ್ನಿನಲ್ಲೇ ಹೊರಗೆ ಬಂದು ಏನು ಮಾಡಬೇಕು ತಿಳಿಯದೆ ನಿಂತ.

ಪಕ್ಕದ ಬಾಗಿಲು ತೆರೆಯಿತು. ಭೀಮವ್ವ ಹೊಸ್ತಿಲ ಮೇಲೆ ನಿಂತು ನನ್ನ ಮುಖವನ್ನೇ ನೋಡಿದಳು. ಬಹಳ ದಿನಗಳ ಮೇಲೆ ನನ್ನ ಕೂಡ ಮಾತಾಡಿದಳು.

"ಖರೇ ಏನು?"

"ಖರೇ ಯಕ್ಕ."

"ಮೊದಲೂ ಹಿಂಗ ಅಂದಿದ್ದಿ."

"ಅವತ್ತಿಂದು ತಡದಿರಲಿಲ್ಲ. ಇದು ತಡದು ತಡದು ಬರಾಕತ್ತದ."

ಅವಳಿಗೆ ಏನೂ ಅರ್ಥವಾಗಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗೋಡೆಗೆ ಒರಗಿಸಿದ್ದ ಸಲಿಕೆ ಕೈಗೆ ತಗೊಂಡಳು.

"ಸುಳ್ಳಾದ್ರ ಈ ಸಲಿಕೀಲೆ ನಿನ್ನ ಕಿವಿ ಕೆತ್ತತೀನಿ" ಅಂದು ಸೀರೆ ಎತ್ತಿ ಕಟ್ಟಿ ಹೊಲದ ಕಡೆ ಓಡಿದಳು. ಆ ಕಾಲಿನಲ್ಲಿ ಅದನ್ನು ಓಟ ಅನ್ನಬಹುದಾದರೆ. ನಾನೂ ಹಿಂದೆ ಓಡಿದೆ. ದಾರಿಯುದ್ದಕ್ಕೂ ಅವಳು ನನ್ನನ್ನು, ನನ್ನ ಕಿವಿಯನ್ನು, ನನ್ನನ್ನು ಹೆತ್ತವರನ್ನು ಬೈಯುತ್ತಲೇ ಇದ್ದಳು. ಅಷ್ಟು ಸಂತೋಷದಿಂದ ನಾನು ಬೈಗುಳ ಕೇಳಿದ್ದು ಅದೇ ಮೊದಲು.

ನಾವು ಮುಟ್ಟಿದಾಗ ಹೊಲದ ಮುಂದಿನ ಕಾಲುವೆ ಒಣಗಿತ್ತು. ಭೀಮವ್ವ ಸಲಿಕೆ ಊರಿಕೊಂಡು ನಿಂತಳು. ಏದುಸಿರು. ನನ್ನ ಕಡೆ ನೋಡಲಿಲ್ಲ. ಕಿವಿಯಲ್ಲಿ ನನ್ನದು ಹರಿಯುತ್ತಲೇ ಇತ್ತು, ಉಳಿದದ್ದು ಏದುಸಿರಿನಲ್ಲಿ ಕೇಳುತ್ತಿರಲಿಲ್ಲ. ಆಮೇಲೆ ತಿರುವಿನಿಂದ ಒಂದು ಒಣ ಎಲೆ ತೇಲಿ ಬಂತು. ಅದರ ಹಿಂದೆ ನೊರೆ, ಕಡ್ಡಿ, ಕಸ. ಕೆಂಪು ನೀರು ಹೆಂಟೆಗಳನ್ನು ನುಂಗುತ್ತಾ, ತಡೆಯುತ್ತಾ, ನಮ್ಮ ಕಾಲ ಹತ್ತಿರ ಬಂದು ನಿಂತು, ಮುಂದೆ ಹೋಯಿತು.

ಭೀಮವ್ವ ಕಾಲುವೆಗೆ ಇಳಿದು ಮಣ್ಣು ಎಳೆದು ಹೊಲಕ್ಕೆ ತಿರುಗಿಸಿದಳು. ನಾನು ಒಡ್ಡಿಗೆ ಕಲ್ಲು, ಮಣ್ಣು ತುಂಬಿದೆ. ಬಿಸಿಲೇರುವ ಹೊತ್ತಿಗೆ ಊರಿನ ಮಂದಿ ಸಲಿಕೆ ಹಿಡಿದು ಬಂದರು, ನಕ್ಕವನೂ ಬಂದ. ಅಷ್ಟರಲ್ಲಿ ನಮ್ಮ ಹತ್ತಿ ಅರ್ಧ ಕುಡಿದಾಗಿತ್ತು. ಶಾಲೆಗೆ ಹೊತ್ತಾಗುತ್ತಿತ್ತು, ಹೋಗಲಿಲ್ಲ.

ಸದ್ದು ಈಗಲೂ ಇದೆ. ಹೋಗಿಲ್ಲ, ಹೋಗುವುದೂ ಇಲ್ಲ. ಅದಕ್ಕೆ ಮೈತ್ರಿ ಕಳಿಸಿಲ್ಲ. ನಿಮಗೂ ಇದ್ದರೆ, ನಿಮ್ಮ ಧ್ಯಾನ ಸರಿಯಿಲ್ಲ ಅನ್ನುವವರ ಮಾತು ಕಟ್ಟಿ ಅಟ್ಟಕ್ಕೆ ಹಾಕಿ. ಫ್ಯಾನ್ ಹಾಕಿಕೊಳ್ಳಿ, ಸ್ಟೋವ್ ಹಚ್ಚಿಕೊಳ್ಳಿ. ಸಿಟ್ಟು ಬಂದರೆ ಸಿಟ್ಟಿನಿಂದಲೇ ಕೂರಿ, ಎದ್ದು ಮಾತ್ರ ಹೋಗಬೇಡಿ. ಇದು ಉಪದೇಶವೇ, ಗೊತ್ತಿದೆ. ಇಷ್ಟು ಕೇಳಿದ ಮೇಲೆ ಒಂದಾದರೂ ಕೊಡುವ ಹಕ್ಕು ನನಗಿದೆ.

ಅವತ್ತು ನೀರು ಕಟ್ಟಿ ಮುಗಿದ ಮೇಲೆ ಭೀಮವ್ವ ಬದುವಿನ ಮೇಲೆ ಕೂತಳು. ಮೊಣಕಾಲ ತನಕ ಕೆಸರು. ಆ ಕಾಲನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತಾ ಬಹಳ ಹೊತ್ತು ಹತ್ತಿಯನ್ನೇ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ದೂರ ಸರಿಯಲಿಲ್ಲ.

"ಸರದಿ ಬಂದ್ರೂ ಇನ್ನ ನಾ ಪೈಪಿನ ತನಕ ಹೋಗಂಗಿಲ್ಲ" ಅಂದಳು. "ಕಾಲು ನೋಯ್ತದ. ಹೆಂಗೂ ನೀ ಕುಂತಿರ್ತಿ, ಕೇಳಿ ಹೇಳು."